ಮುಟ್ಟು ನಿಂತ ಮೇಲೆ ಹಲ್ಲು, ದವಡೆ, ಮೂಳೆ: ಯಾವುದನ್ನು ಮೊದಲು ನೋಡಿಕೊಳ್ಳಬೇಕು?

ಎರಡು ವರ್ಷದ ಹಿಂದಿನ ಸಂಕ್ರಾಂತಿ. ಎಳ್ಳು-ಬೆಲ್ಲದಲ್ಲಿದ್ದ ಹುರಿಗಡಲೆ ಅಗಿಯುತ್ತಿದ್ದೆ, ಬಾಯಲ್ಲಿ ಕಟಕ್ ಅಂತು. ಕಲ್ಲು ಇರಬೇಕು ಅಂತ ಉಗುಳಿದರೆ ಅಂಗೈ ಮೇಲೆ ನನ್ನದೇ ಹಲ್ಲಿನ ಚೂರು. ಅಲ್ಲಿಯವರೆಗೆ ಆ ಹಲ್ಲು ಒಂದು ದಿನವೂ ನೋವು ಕೊಟ್ಟಿರಲಿಲ್ಲ.

ದಂತವೈದ್ಯೆ ಕೈಗನ್ನಡಿ ಕೊಟ್ಟು ತೋರಿಸಿದರು. ಅಗಿಯುವ ಭಾಗದಲ್ಲಿ ಹುಳುಕು ಇರಲೇ ಇಲ್ಲ. ಒಸಡಿನ ಅಂಚಿನಲ್ಲಿ, ಬೇರು ಶುರುವಾಗುವ ಜಾಗದಲ್ಲಿ, ಕಂದು ಪಟ್ಟಿಯ ಹಾಗೆ ಸುತ್ತಿಕೊಂಡಿತ್ತು. ಮರದ ಬುಡಕ್ಕೆ ಗೆದ್ದಲು ಹಿಡಿದಂತೆ. ಆಮೇಲೆ ಅವರು ಕೇಳಿದ್ದು ಎರಡೇ ಪ್ರಶ್ನೆ. "ಮುಟ್ಟು ನಿಂತು ಎಷ್ಟು ವರ್ಷ ಆಯ್ತು?" "ಮೂಳೆಗೆ ಅಂತ ಮಾತ್ರೆ, ಇಂಜೆಕ್ಷನ್ ಏನಾದ್ರೂ ತಗೊಳ್ತಿದ್ದೀರಾ?"

ಹಲ್ಲು ತೋರಿಸೋಕೆ ಬಂದವಳಿಗೆ ಇದೇನು ಪ್ರಶ್ನೆ ಅನ್ನಿಸಿತು. ಅದರ ಉತ್ತರ ಹುಡುಕುತ್ತಾ ಕಲಿತದ್ದನ್ನು, ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ. ಕ್ರಮಕ್ಕೆ ಯಾಕಿಷ್ಟು ಒತ್ತು ಅಂದರೆ, ಹಲ್ಲಿನ ಡಾಕ್ಟರ್ ಒಂದು ಬೀದಿಯಲ್ಲಿ, ಮೂಳೆ ಡಾಕ್ಟರ್ ಇನ್ನೊಂದು ಬೀದಿಯಲ್ಲಿ. ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡುವುದಿಲ್ಲ. ಸುದ್ದಿ ಮುಟ್ಟಿಸಬೇಕಾದವರು ನಾವೇ.

ಮೊದಲು ಒಂದು ಗೊಂದಲ ಬಿಡಿಸೋಣ

"ಕ್ಯಾಲ್ಸಿಯಂ ಕಮ್ಮಿಯಾಗಿ ಹಲ್ಲು ಹುಳುಕಾಯ್ತು" ಅಂತ ಮನೆಮನೆಯಲ್ಲೂ ಹೇಳುತ್ತಾರೆ. ಅದು ಸರಿಯಲ್ಲ. ಬೆಳೆದು ನಿಂತ ಹಲ್ಲಿನಿಂದ ದೇಹ ಕ್ಯಾಲ್ಸಿಯಂ ವಾಪಸ್ ತೆಗೆದುಕೊಳ್ಳುವುದಿಲ್ಲ. ಹುಳುಕು ಮಾಡುವುದು ಬಾಯಲ್ಲಿರುವ ಬ್ಯಾಕ್ಟೀರಿಯಾ. ನಾವು ತಿಂದ ಸಿಹಿ, ಪಿಷ್ಟವನ್ನು ಅವು ಹುಳಿ ಮಾಡುತ್ತವೆ. ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಎಷ್ಟು ಕ್ಯಾಲ್ಸಿಯಂ ಮಾತ್ರೆ ನುಂಗಿದರೂ ಆದ ತೂತು ಮುಚ್ಚುವುದಿಲ್ಲ.

ಮೂಳೆಯ ಕತೆ ಬೇರೆ. ಅದು ಜೀವಂತ. ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳು, ಹೊಸದನ್ನು ಮೆತ್ತುವ ಜೀವಕೋಶಗಳು, ಎರಡೂ ದಿನವಿಡೀ ಕೆಲಸ ಮಾಡುತ್ತಿರುತ್ತವೆ. ಕೆರೆಯುವವರ ಕೈ ಹಿಡಿದು ನಿಲ್ಲಿಸುತ್ತಿದ್ದದ್ದು ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಹಾರ್ಮೋನು. ಮುಟ್ಟು ನಿಂತ ಮೇಲೆ ಆ ಹಿಡಿತ ಸಡಿಲ. ಮೊದಲ ಐದರಿಂದ ಏಳು ವರ್ಷದಲ್ಲೇ ಕೆಲವರ ಮೂಳೆ ಐದನೇ ಒಂದು ಭಾಗದವರೆಗೂ ಕರಗಬಹುದು. ಹಲ್ಲು ನಿಂತಿರುವ ದವಡೆಯೂ ಮೂಳೆಯೇ ತಾನೆ?

ಹಾಗಾದರೆ ಹುಳುಕಿಗೂ ಮುಟ್ಟು ನಿಲ್ಲುವುದಕ್ಕೂ ಏನು ನಂಟು? ನಡುವೆ ಇರುವುದು ಜೊಲ್ಲು ಮತ್ತು ಒಸಡು. ಈ ವಯಸ್ಸಿನಲ್ಲಿ ಅನೇಕರಿಗೆ ಬಾಯಿ ಒಣಗುತ್ತದೆ. ಹುಳಿಯನ್ನು ತೊಳೆದು ತಣ್ಣಗೆ ಮಾಡುತ್ತಿದ್ದ ಜೊಲ್ಲೇ ಕಮ್ಮಿ. ಒಸಡು ಕೆಳಗಿಳಿದು ಬೇರು ಹೊರಗೆ ಕಾಣುತ್ತದೆ. ಹಲ್ಲಿನ ಗಟ್ಟಿ ಹೊರಪದರ, ಎನಾಮಲ್, ಬೇರಿನ ಮೇಲೆ ಇಲ್ಲ. ಹುಳಿಯನ್ನು ಅಳೆಯುವುದು ಪಿಎಚ್ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಎನಾಮಲ್ ಕರಗಲು ಅದು 5.5ರ ಸುತ್ತ ಇಳಿಯಬೇಕು. ಬೇರಿಗೆ 6 ದಾಟಿದ ತೆಳು ಹುಳಿಯೇ ಸಾಕು. ನನ್ನ ಹಲ್ಲು ಬುಡದಲ್ಲಿ ಮುರಿದದ್ದು ಇದಕ್ಕೇ.

ಹೆಜ್ಜೆ 1: ಒಂದು ಹಾಳೆ ತೆಗೆದುಕೊಳ್ಳಿ

ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಇದನ್ನು ಯಾವ ಡಾಕ್ಟರ್ ಹತ್ತಿರ ಹೋದರೂ ಒಯ್ಯಬೇಕು.

ಕೊನೆಯ ಮುಟ್ಟು ಯಾವ ವಯಸ್ಸಿನಲ್ಲಿ ಅಂತ ಬರೆಯಿರಿ. 12 ತಿಂಗಳು ಸತತವಾಗಿ ಆಗದಿದ್ದರೆ ನಿಂತಿತು ಅಂತ ಲೆಕ್ಕ. 45ಕ್ಕಿಂತ ಮೊದಲೇ ನಿಂತಿದ್ದರೆ ಅಡಿಗೆರೆ ಎಳೆಯಿರಿ. ಗರ್ಭಕೋಶ ತೆಗೆಸಿದವರು ಇಲ್ಲಿ ಸ್ವಲ್ಪ ನಿಲ್ಲಿ. ನಮ್ಮ ಊರುಗಳಲ್ಲಿ ಮೂವತ್ತೈದಕ್ಕೆಲ್ಲ ಆಪರೇಷನ್ ಆದವರು ಎಷ್ಟೋ ಜನ. ಅಂಡಾಶಯವನ್ನೂ ತೆಗೆದಿದ್ದಾರಾ ಅಂತ ಕೇಳಿದರೆ ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ. ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ. ಎರಡೂ ಅಂಡಾಶಯ ತೆಗೆದಿದ್ದರೆ ಅವತ್ತಿನಿಂದಲೇ ಮೂಳೆ ಸವೆಯಲು ಶುರು. 35ಕ್ಕೆ ಆಗಿದ್ದರೆ 45ರ ಹೊತ್ತಿಗೆ ಹತ್ತು ವರ್ಷದ ನಷ್ಟ.

ಸುಮ್ಮನೆ ನಿಂತಲ್ಲಿಂದ ಬಿದ್ದು ಮಣಿಕಟ್ಟು ಮುರಿದಿದ್ದರೆ ಬರೆಯಿರಿ. ಅಮ್ಮನಿಗೋ ಅಪ್ಪನಿಗೋ ಸೊಂಟದ ಮೂಳೆ ಮುರಿದಿತ್ತಾ, ಅದನ್ನೂ. ಆಸ್ತಮಾಕ್ಕೋ ಕೀಲುವಾತಕ್ಕೋ ಮೂರು ತಿಂಗಳಿಗಿಂತ ಜಾಸ್ತಿ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರೆ ಅದನ್ನೂ. ಗೋಡೆಗೆ ಒರಗಿ ಎತ್ತರ ಅಳೆಸಿಕೊಳ್ಳಿ. ಹರೆಯದಲ್ಲಿ ಇದ್ದದ್ದಕ್ಕಿಂತ 4 ಸೆಂ.ಮೀ. ಕಮ್ಮಿಯಾಗಿದ್ದರೆ ಬೆನ್ನುಮೂಳೆ ಸದ್ದಿಲ್ಲದೆ ಕುಸಿದಿರಬಹುದು. ಸೆರಗು, ನೆರಿಗೆ ಮೊದಲಿಗಿಂತ ನೆಲಕ್ಕೆ ಎಳೆಯುತ್ತಿದೆ ಅಂತ ನನ್ನ ಅತ್ತಿಗೆಗೆ ಗೊತ್ತಾದದ್ದೇ ಹಾಗೆ.

ಕೊನೆಗೆ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು. ಬಿಪಿಗೆ ಕೊಡುವ ಮೂತ್ರ ಜಾಸ್ತಿ ಮಾಡುವ ಮಾತ್ರೆ, ಅಲರ್ಜಿ ಮಾತ್ರೆ, ನಿದ್ದೆಗೆ ಅಥವಾ ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಇವೆಲ್ಲ ಬಾಯಿ ಒಣಗಿಸುತ್ತವೆ. ನೀವಾಗಿ ನಿಲ್ಲಿಸಬೇಡಿ. ಬರೆದಿಡಿ ಅಷ್ಟೆ.

ಹೆಜ್ಜೆ 2: ಟಾರ್ಚ್, ಕನ್ನಡಿ, ಒಂದು ರಸ್ಕ್

ಮೊಬೈಲ್ ಟಾರ್ಚ್ ಹಾಕಿ ತುಟಿ ಎಳೆದು ನೋಡಿ. ಹಲ್ಲುಗಳು ಉದ್ದ ಆದಂತೆ ಕಾಣುತ್ತವಾ? ಹಲ್ಲು ಬೆಳೆದಿಲ್ಲ, ಒಸಡು ಇಳಿದಿದೆ. ಬುಡದಲ್ಲಿ ಹಳದಿ-ಕಂದು ಗೆರೆ ಇದೆಯಾ? ಉಜ್ಜುವಾಗ ರಕ್ತ ಬರುತ್ತದಾ? ನಾಲಿಗೆಯಿಂದ ತಳ್ಳಿದರೆ ಯಾವುದಾದರೂ ಹಲ್ಲು ಅಲುಗಾಡುತ್ತದಾ? ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದಕ್ಕಿದ್ದಂತೆ ಸಡಿಲ ಆಗಿದ್ದರೆ ಒಳಗಿನ ದವಡೆ ಕುಗ್ಗಿರಬಹುದು.

ಆಮೇಲೆ ನೀರು ಕುಡಿಯದೆ ಒಂದು ರಸ್ಕ್ ತಿನ್ನಿ. ನುಂಗಲು ಕಷ್ಟವಾದರೆ ಜೊಲ್ಲು ಕಮ್ಮಿ ಇದೆ. ಬಾಯಿಯ ಜೊತೆ ಕಣ್ಣೂ ಮರಳು ಬಿದ್ದಂತೆ ಒಣಗುತ್ತಿದ್ದರೆ, ಕೀಲು ನೋವೂ ಇದ್ದರೆ, "ವಯಸ್ಸಾಯ್ತು ಬಿಡಿ" ಅಂತ ಬಿಡಬೇಡಿ. ಶೋಗ್ರೆನ್ ಅನ್ನುವ ಕಾಯಿಲೆ ಹೀಗೆ ಕಾಣಿಸಿಕೊಳ್ಳುತ್ತದೆ, ಅದು ಬಹುಪಾಲು ಹೆಂಗಸರಿಗೇ ಬರುವುದು.

ಹೆಜ್ಜೆ 3: ಹಲ್ಲಿನ ಡಾಕ್ಟರ್ ಮೊದಲು

ನೋವಿಲ್ಲದಿದ್ದರೂ ಹೋಗಿ. ಬೇರಿನ ಹುಳುಕು ನೋವು ಕೊಡುವ ಹೊತ್ತಿಗೆ ಎಷ್ಟೋ ಸಲ ಹಲ್ಲು ಉಳಿಸುವ ಕಾಲ ಮುಗಿದಿರುತ್ತದೆ.

ಅಲ್ಲಿ ಮೂರು ಕೆಲಸ ಕೇಳಿ. ಒಸಡಿನ ಆಳ ಅಳೆಯುವುದು, ಕ್ಲೀನಿಂಗ್, ಬೇಕಿದ್ದರೆ ಎಕ್ಸ್‌ರೇ. "ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ" ಅನ್ನುವ ಮಾತು ನಂಬಿ ಹತ್ತು ವರ್ಷ ಕೂತವಳು ನಾನೇ. ಮೂಳೆ ಆಗಲೇ ಕರಗಿರುತ್ತದೆ, ಗಟ್ಟಿಯಾದ ಪಾಚಿ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತದೆ ಅಷ್ಟೆ. ಬಿಟ್ಟರೆ ಪಾಚಿಯ ಕೆಳಗೆ ಮೂಳೆ ಇನ್ನಷ್ಟು ಕರಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಇನ್ನೂ ಬೇಗ.

ಇಡೀ ದವಡೆಯ ಎಕ್ಸ್‌ರೇ, ಓಪಿಜಿ ಅಂತಾರಲ್ಲ, ಅದನ್ನು ತೆಗೆದರೆ ಇನ್ನೊಂದು ಪ್ರಶ್ನೆ ಕೇಳಿ: "ಕೆಳದವಡೆಯ ಅಂಚು ತೆಳ್ಳಗಿದೆಯಾ?" ಕೆಳದವಡೆಯ ಕೆಳ ಅಂಚಿನಲ್ಲಿ ದಪ್ಪ ಬಿಳಿ ಗೆರೆ ಕಾಣಬೇಕು. ಅದು 3 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ, ಸವೆದ ಹಾಗೆ ಕಂಡರೆ, ಸೊಂಟ-ಬೆನ್ನಿನ ಮೂಳೆಯೂ ತೆಳ್ಳಗಾಗಿರಬಹುದು ಅನ್ನುವ ಸುಳಿವು. ಹಲ್ಲಿಗೆ ಅಂತ ತೆಗೆದ ಫಿಲ್ಮ್‌ನಲ್ಲೇ ಮೂಳೆಯ ಸುದ್ದಿಯೂ ಸಿಗಬಹುದು. ಕೇಳಿದರೆ ಮಾತ್ರ.

ಬೇರಿನಲ್ಲಿ ಮೆತ್ತಗಿನ ಹುಳುಕು ಈಗಷ್ಟೇ ಶುರುವಾಗಿದ್ದರೆ ಫ್ಲೋರೈಡ್ ವಾರ್ನಿಷ್ ಹಚ್ಚುತ್ತಾರೆ, ಮೂರರಿಂದ ಆರು ತಿಂಗಳಿಗೊಮ್ಮೆ. ಸಿಲ್ವರ್ ಡಯಮೀನ್ ಫ್ಲೋರೈಡ್ ಅಂತ ಇನ್ನೊಂದು ದ್ರಾವಣ ಇದೆ. ಹುಳುಕು ಅಲ್ಲೇ ನಿಲ್ಲುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ. ಹಿಂದಿನ ಹಲ್ಲಿಗಾದರೆ ಕಪ್ಪಾದರೇನಂತೆ.

ದುಡ್ಡಿನ ಮಾತು: ಬೆಂಗಳೂರಿನ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ವಿಕ್ಟೋರಿಯಾ ಆಸ್ಪತ್ರೆಯ ಆವರಣದ ಬಳಿ ಇದೆ. ಊರಿನ ಯಾವುದೇ ದಂತ ಕಾಲೇಜಿನ ಹೊರರೋಗಿ ವಿಭಾಗದಲ್ಲೂ ಕ್ಲಿನಿಕ್‌ಗಿಂತ ಖರ್ಚು ಕಮ್ಮಿ, ಕಾಯುವುದು ಜಾಸ್ತಿ. ಹಲ್ಲೆಲ್ಲ ಹೋದ ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ ಕೊಡಲು ರಾಜ್ಯದಲ್ಲಿ ದಂತಭಾಗ್ಯ ಯೋಜನೆ ಬಂದಿತ್ತು. ನಿಮ್ಮ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಹೆಜ್ಜೆ 4: ಮೂಳೆ ಅಳೆಸುವುದು

"ನನಗೆ ಮಂಡಿ ಮೂಳೆ ಸವೆದಿದೆ" ಅನ್ನುವವರು ಬೀದಿಗೆ ನಾಲ್ಕು ಜನ. ಅದು ಕೀಲಿನ ಸವೆತ, ಬೇರೆ ಕಾಯಿಲೆ. ಇಲ್ಲಿ ಹೇಳುತ್ತಿರುವುದು ಮೂಳೆ ಒಳಗೇ ಟೊಳ್ಳಾಗುವ ಆಸ್ಟಿಯೋಪೊರೋಸಿಸ್. ಮುರಿಯುವವರೆಗೆ ಇದು ನೋಯುವುದೇ ಇಲ್ಲ.

ಪಾರ್ಕಿನಲ್ಲಿ, ಮೆಡಿಕಲ್ ಸ್ಟೋರ್ ಮುಂದೆ ಉಚಿತ ಶಿಬಿರ ಇಟ್ಟು ಹಿಮ್ಮಡಿಯನ್ನು ಯಂತ್ರದಲ್ಲಿ ಇಡಿಸುತ್ತಾರಲ್ಲ, ಅದರ ಮೇಲೆ ಕಾಯಿಲೆ ಇದೆ, ಇಲ್ಲ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಅಲ್ಲೇ ಪಕ್ಕದ ಟೇಬಲ್ಲಿನಲ್ಲಿ ಪೌಡರ್ ಡಬ್ಬ ಮಾರುತ್ತಿದ್ದರೆ ಇನ್ನೂ ಹುಷಾರು. ಬೇಕಾದದ್ದು ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್. ಮಲಗಿಕೊಂಡರೆ ಹತ್ತು-ಹದಿನೈದು ನಿಮಿಷ. ಟಿ-ಸ್ಕೋರ್ ಅಂತ ಒಂದು ಅಂಕಿ ಬರುತ್ತದೆ. ಮೈನಸ್ 1ರವರೆಗೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಮೂಳೆ ತೆಳ್ಳಗಾಗುತ್ತಿದೆ. ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಇಳಿದರೆ ಆಸ್ಟಿಯೋಪೊರೋಸಿಸ್.

65 ದಾಟಿದ ಎಲ್ಲ ಹೆಂಗಸರೂ ಮಾಡಿಸಬೇಕು ಅನ್ನುವುದು ಸಾಮಾನ್ಯ ನಿಯಮ. ಹೆಜ್ಜೆ 1ರ ಹಾಳೆಯಲ್ಲಿ ಅಡಿಗೆರೆ ಬಿದ್ದವರು ಅಷ್ಟು ಕಾಯಬಾರದು. ಪಾವಗಡ, ಕೋಲಾರ, ಚಿತ್ರದುರ್ಗ, ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಒಂದು ಮಾತು: ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಸ್ಕ್ಯಾನಿನಲ್ಲಿ ಮೂಳೆ ದಟ್ಟವಾಗಿ ಕಂಡರೂ ಒಳಗೆ ಪೆಡಸಾಗಿರಬಹುದು. ಊರಿನ ಹೆಸರನ್ನು ಡಾಕ್ಟರ್‌ಗೆ ಹೇಳಿ.

ಹೆಜ್ಜೆ 5: ಮೂಳೆಯ ಔಷಧಕ್ಕೆ ಮೊದಲು ಒಂದು ತಡೆ

ಈ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದರೆ ಇದನ್ನು ಓದಿ.

ಆಸ್ಟಿಯೋಪೊರೋಸಿಸ್ ಅಂತ ಆದ ಮೇಲೆ ಸಾಮಾನ್ಯವಾಗಿ ಕೊಡುವುದು ಕೆರೆಯುವ ಜೀವಕೋಶಗಳನ್ನು ತಡೆಯುವ ಔಷಧ. ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ ಮಾತ್ರೆ, ತಿಂಗಳಿಗೊಂದು ಐಬ್ಯಾಂಡ್ರೊನೇಟ್, ವರ್ಷಕ್ಕೊಮ್ಮೆ ಡ್ರಿಪ್ ಹಾಕುವ ಜೊಲೆಡ್ರೊನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚುವ ಡೆನೊಸುಮ್ಯಾಬ್. ಒಳ್ಳೆಯ ಔಷಧಗಳು. ಸೊಂಟ, ಬೆನ್ನು ಮುರಿಯುವುದನ್ನು ನಿಜವಾಗಿ ತಡೆಯುತ್ತವೆ.

ಆದರೆ ಹಲ್ಲು ಕಿತ್ತ ಗುಂಡಿ ಮಾಯಬೇಕಾದರೆ ದವಡೆಯ ಮೂಳೆ ತನ್ನನ್ನು ತಾನು ಕೆರೆದು ಮತ್ತೆ ಕಟ್ಟಿಕೊಳ್ಳಬೇಕು. ಆ ಕೆಲಸವನ್ನೇ ಔಷಧ ನಿಧಾನ ಮಾಡಿರುತ್ತದೆ. ಅಪರೂಪಕ್ಕೆ ಗುಂಡಿ ಮುಚ್ಚುವುದೇ ಇಲ್ಲ. ಎಂಟು ವಾರ ಕಳೆದರೂ ಮೂಳೆ ಬಾಯೊಳಗೆ ಬರಿದಾಗಿ ಕಾಣುತ್ತಿರುತ್ತದೆ. ದವಡೆ ಮೂಳೆ ಸಾಯುವ ಈ ತೊಂದರೆ ವೈದ್ಯರ ಗಮನಕ್ಕೆ ಬಂದದ್ದು 2003ರಿಂದೀಚೆಗೆ. ಹೆದರಬೇಡಿ, ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಅಲೆಂಡ್ರೊನೇಟ್‌ನಂಥ ಮಾತ್ರೆ ನುಂಗುವ 10,000 ಜನರಲ್ಲಿ ಬೆರಳೆಣಿಕೆಯಷ್ಟು ಮಂದಿಗೆ ಬರುತ್ತದೆ. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ದೊಡ್ಡ ಪ್ರಮಾಣದಲ್ಲಿ ಕೊಡುವಾಗ ಅಪಾಯ ಬಹಳ ಜಾಸ್ತಿ.

ಆದ್ದರಿಂದ ಹೀಗೆ ಮಾಡಿ. ಔಷಧದ ಚೀಟಿ ಕೈಗೆ ಬಂದ ದಿನ ಮೊದಲು ಹಲ್ಲಿನ ಡಾಕ್ಟರ್ ಹತ್ತಿರ ಹೋಗಿ, "ಕೀಳಬೇಕಾದ ಹಲ್ಲು ಇದ್ದರೆ ಈಗಲೇ ಹೇಳಿ" ಅನ್ನಿ. ಕಿತ್ತರೆ ಗಾಯ ಪೂರ್ತಿ ಮುಚ್ಚಿದ ಮೇಲೆ ಔಷಧ ಶುರು. ಆಗಲೇ ಮೂಳೆ ಮುರಿದಿದ್ದು ಅವಸರ ಇದ್ದರೆ ಎಷ್ಟು ಕಾಯಬಹುದು ಅಂತ ಮೂಳೆ ಡಾಕ್ಟರ್ ಹೇಳಲಿ.

ಈಗಾಗಲೇ ಔಷಧ ನಡೆಯುತ್ತಿದ್ದರೆ? ಫಿಲ್ಲಿಂಗ್, ಕ್ಲೀನಿಂಗ್‌ಗೆ ಅಡ್ಡಿಯಿಲ್ಲ. ಕೀಳುವ ಬದಲು ರೂಟ್ ಕೆನಾಲ್ ಮಾಡಿ ಬೇರು ಉಳಿಸಬಹುದಾ ಅಂತ ಕೇಳಿ. ಕೀಳಲೇಬೇಕಾದರೆ, ಇಂಪ್ಲಾಂಟ್ ಹಾಕಿಸುವುದಾದರೆ, ಇಬ್ಬರು ಡಾಕ್ಟರೂ ಮಾತಾಡಿಕೊಂಡ ಮೇಲೆ.

ಔಷಧವನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ. ಮುಖ್ಯವಾಗಿ ಡೆನೊಸುಮ್ಯಾಬ್. ಅದರ ಪರಿಣಾಮ ಆರು ತಿಂಗಳಿಗೆ ಇಳಿದುಬಿಡುತ್ತದೆ. ಒಂದು ತಿಂಗಳಿಗಿಂತ ಜಾಸ್ತಿ ತಡವಾದರೆ ತಡೆಹಿಡಿದ ಸವೆತ ಒಮ್ಮೆಗೇ ನುಗ್ಗುತ್ತದೆ, ಬೆನ್ನುಮೂಳೆ ಒಂದಾದ ಮೇಲೊಂದು ಕುಸಿದವರಿದ್ದಾರೆ.

ವಾರದ ಮಾತ್ರೆ ನುಂಗುವ ರೀತಿಯೂ ಇದೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ತುಂಬ ಬರೀ ನೀರಿನಲ್ಲಿ. ಕಾಫಿಯಲ್ಲಿ ಅಲ್ಲ. ಆಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ. ನಮ್ಮ ಪಕ್ಕದ ಮನೆಯವರು ಮಾತ್ರೆ ನುಂಗಿ ರಂಗೋಲಿ ಹಾಕಲು ಹೋಗುತ್ತಾರೆ. ಬಗ್ಗುವ ಬದಲು ನಿಂತುಕೊಂಡೇ ಗಿಡಕ್ಕೆ ನೀರು ಹಾಕಿ ಅಂತ ಹೇಳಿದ್ದೇನೆ.

ಹೆಜ್ಜೆ 6: ಬಚ್ಚಲು ಮನೆ ಮತ್ತು ಕಾಫಿ ಲೋಟ

ಮೆತ್ತಗಿನ ಬ್ರಷ್. ಫ್ಲೋರೈಡ್ ಇರುವ ಪೇಸ್ಟ್, ಸುಮಾರು 1,000 ಪಿಪಿಎಂ ಅಂತ ಟ್ಯೂಬಿನ ಮೇಲೆ ಇರುತ್ತದೆ. ದಿನಕ್ಕೆ ಎರಡು ಸಲ. ರಾತ್ರಿಯದು ತಪ್ಪಬಾರದು, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ಇನ್ನೂ ಕಮ್ಮಿ. ಉಗುಳಿ, ಆದರೆ ನೀರು ಹಾಕಿ ಮುಕ್ಕಳಿಸಬೇಡಿ. ಇದ್ದಿಲು, ಉಪ್ಪು, ಒರಟು ಹಲ್ಲುಪುಡಿ ಬೇರಿನ ಮೇಲೆ ಉಜ್ಜಿದರೆ ಪಾತ್ರೆಗೆ ಬೂದಿ ಹಾಕಿ ತಿಕ್ಕಿದ ಹಾಗೆ. ಹೊಗೆಸೊಪ್ಪಿನ ಮಿಶ್ರಿಯಂತೂ ಬೇಡವೇ ಬೇಡ. ಎಲೆ-ಅಡಿಕೆಗೆ ಹಚ್ಚುವ ಸುಣ್ಣದಿಂದ ಕ್ಯಾಲ್ಸಿಯಂ ಸಿಗುತ್ತೆ ಅನ್ನುವವರಿದ್ದಾರೆ. ಅದರ ಜೊತೆ ಹೋಗುವ ಅಡಿಕೆ ಬಾಯಿ ಕ್ಯಾನ್ಸರ್‌ಗೆ ಕಾರಣ ಅಂತ ಸಾಬೀತಾಗಿದೆ, ಆ ಲೆಕ್ಕ ಬೇಡ.

ಸಿಹಿ ಎಷ್ಟು ತಿಂದಿರಿ ಅನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಅನ್ನುವುದು ಹಲ್ಲಿಗೆ ಮುಖ್ಯ. ಪ್ರತಿ ಸಲವೂ ಅರ್ಧ ಗಂಟೆ ಹುಳಿ. ಸಕ್ಕರೆ ಹಾಕಿದ ಅರ್ಧ ಲೋಟ ಕಾಫಿಯನ್ನು ಟಿವಿ ಮುಂದೆ ಒಂದು ಗಂಟೆ ಗುಟುಕರಿಸುವುದಕ್ಕಿಂತ ತಿಂಡಿ ಜೊತೆಗೇ ಕುಡಿದು ಮುಗಿಸಿ, ನೀರು ಮುಕ್ಕಳಿಸಿ. ಬೆಲ್ಲವೂ ಹಲ್ಲಿಗೆ ಸಕ್ಕರೆಯೇ. ಜೇನು-ನಿಂಬೆ ನೀರು ಕುಡಿದ ಕೂಡಲೇ ಬ್ರಷ್ ಮಾಡಬೇಡಿ, ಅರ್ಧ ಗಂಟೆ ಬಿಡಿ. ಬಾಯಿ ಒಣಗಿದರೆ ಪೆಪ್ಪರ್‌ಮೆಂಟ್ ಚೀಪಬೇಡಿ. ನೀರಿನ ಬಾಟಲಿ ಜೊತೆಗಿರಲಿ, ಇಲ್ಲವೇ ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್. ಹಲ್ಲಿನ ಸೆಟ್ ರಾತ್ರಿ ತೆಗೆದು ನೀರಿನಲ್ಲಿಡಿ.

ಹೆಜ್ಜೆ 7: ತಟ್ಟೆ ಮತ್ತು ಬಿಸಿಲು

ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್)ಯ 2020ರ ಪಟ್ಟಿ. ಒಂದು ದೊಡ್ಡ ರಾಗಿ ಮುದ್ದೆಯಲ್ಲಿ ಸುಮಾರು 300. ಒಂದು ಲೋಟ ಹಾಲಿನಲ್ಲಿ 240ರ ಹತ್ತಿರ. ಒಂದು ಬಟ್ಟಲು ಮೊಸರಿನಲ್ಲಿ 180. ಒಂದು ದೊಡ್ಡ ಚಮಚ ಎಳ್ಳಿನ ಪುಡಿಯಲ್ಲಿ 130. ನುಗ್ಗೆ ಸೊಪ್ಪಿನ ಪಲ್ಯ ಇದ್ದರೆ ಇನ್ನೊಂದು 150. ಸಾವಿರ ಆಯಿತು, ಅಲ್ವಾ? ಕರಾವಳಿಯವರು ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಸೇರಿಸಿಕೊಳ್ಳಿ. ರಾಗಿಯ ಕ್ಯಾಲ್ಸಿಯಂ ಎಲ್ಲವೂ ಮೈಗೆ ಹತ್ತುವುದಿಲ್ಲ, ಕಾಳಿನಲ್ಲೇ ಇರುವ ಫೈಟೇಟ್ ಅನ್ನುವ ಅಂಶ ಅಡ್ಡ ಬರುತ್ತದೆ. ಮೊಳಕೆ ಬರಿಸಿದರೆ, ಅಂಬಲಿ ಹುಳಿ ಬರಿಸಿದರೆ ಅದು ಕಮ್ಮಿಯಾಗುತ್ತದೆ. ಪಾಲಕ್ ನಂಬಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಬಿಟ್ಟುಕೊಡುವುದಿಲ್ಲ.

ಕೊರತೆ ಬಿದ್ದಷ್ಟಕ್ಕೆ ಮಾತ್ರೆ, ಒಂದು ಹೊತ್ತಿಗೆ 500 ಮಿ.ಗ್ರಾಂ ಮೀರದಂತೆ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ. ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಕೇಳಿಯೇ ನುಂಗಿ.

ಬೆಳಗಿನ ಎಳೆಬಿಸಿಲು ಹಿತ, ಆದರೆ ಡಿ ವಿಟಮಿನ್ ತಯಾರಾಗಲು ಬೇಕಾದ ಕಿರಣ ಆಗ ತೀರ ಕಮ್ಮಿ. 11ರಿಂದ 2ರ ನಡುವೆ ತೋಳು, ಮುಖಕ್ಕೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಹಪ್ಪಳ ಒಣಗಿಸುವ ಹೊತ್ತು ಅಂತಿಟ್ಟುಕೊಳ್ಳಿ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನ ಇಲ್ಲ. ಡಿ ವಿಟಮಿನ್ನಿನ 60,000 ಯೂನಿಟ್‌ನ ಸ್ಯಾಶೆಯನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆದುಕೊಡುತ್ತಾರೆ. ಅದೇ ಹಳೇ ಚೀಟಿ ಇಟ್ಟುಕೊಂಡು ವರ್ಷಗಟ್ಟಲೆ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು.

ನಡಿಗೆ, ಮೆಟ್ಟಿಲು, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಎರಡು ನೀರಿನ ಬಾಟಲಿ ಹಿಡಿದು ಎತ್ತುವುದು, ಮೂಳೆಗೆ ಭಾರ ಬೀಳುವ ಯಾವುದಾದರೂ ಸರಿ. ಬಚ್ಚಲಿಗೆ ಜಾರದ ಮ್ಯಾಟ್, ರಾತ್ರಿ ಹೋಗುವ ದಾರಿಗೊಂದು ಸಣ್ಣ ಲೈಟು.

ಹೆಜ್ಜೆ 8: ಕ್ಯಾಲೆಂಡರಿನಲ್ಲಿ ಎರಡು ಗುರುತು

ದವಡೆ ಊದಿದರೆ, ಕೀವು ಬಂದರೆ, ಕೆಳತುಟಿ ಜೋಮು ಹಿಡಿದರೆ, ಹಲ್ಲು ಕಿತ್ತ ಜಾಗದಲ್ಲಿ ನಾಲಿಗೆಗೆ ಚೂಪಾದದ್ದು ತಗುಲಿದರೆ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಉಳಿದಂತೆ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸಿದರೆ ಸಾಕು.

ನನ್ನ ಅಕ್ಕನಿಗೆ ಜನವರಿ, ಜುಲೈನಲ್ಲಿ ಡೆನೊಸುಮ್ಯಾಬ್ ಇಂಜೆಕ್ಷನ್. ಗೋಡೆ ಮೇಲಿನ ಕ್ಯಾಲೆಂಡರಿನಲ್ಲಿ ಆ ತಾರೀಕುಗಳಿಗೆ ಕೆಂಪು ಸುತ್ತು ಹಾಕಿದ್ದಾಳೆ. ಅದಕ್ಕೆ ಒಂದು ತಿಂಗಳ ಹಿಂದೆ, ಡಿಸೆಂಬರ್ ಮತ್ತು ಜೂನ್‌ನಲ್ಲಿ, ನೀಲಿ ಸುತ್ತು: ಹಲ್ಲಿನ ಡಾಕ್ಟರ್. ಏನಾದರೂ ಕೀಳಬೇಕಿದ್ದರೆ ಹಿಂದಿನ ಇಂಜೆಕ್ಷನ್ನಿನ ಹಿಡಿತ ಇಳಿಯುತ್ತಿರುವ ಆ ಹೊತ್ತಿನಲ್ಲೇ ಕಿತ್ತು, ಮುಂದಿನದು ತೀರ ತಡವಾಗದಂತೆ ನೋಡಿಕೊಳ್ಳಬಹುದು. ನಾನೂ ಈ ಸಲ ಅವಳ ನೀಲಿ ತಾರೀಕಿಗೇ ನನ್ನ ಹೆಸರೂ ಬರೆಸಿದ್ದೇನೆ. ಆಟೋ ಖರ್ಚು ಅರ್ಧ ಅರ್ಧ.